ಕೀಬೋರ್ಡಿಗೆ ಕಾಲು ಕೊಟ್ಟ ರೂಪಶ್ರೀ

ಪುಟ್ಟರಂಗಯ್ಯ ಒಮ್ಮೆ ದನಿ ಎತ್ತಿದರೆ ಇಳಿಸುವುದು ಯಾವಾಗ ಎಂದು ಅವರಿಗೇ ಗೊತ್ತಿರುವುದಿಲ್ಲ. ಗುಬ್ಬಿಯ ಸಮುದಾಯ ಭವನದಲ್ಲಿ ಆ ಭಾನುವಾರ ಬೆಳಿಗ್ಗೆ ಪೌರಾಣಿಕ ನಾಟಕದ ತಾಲೀಮು. ರಾಜನ ಪಾತ್ರದ ಪುಟ್ಟರಂಗಯ್ಯ ಪಂಚೆ ಎತ್ತಿ ಕಟ್ಟಿ, ಕಂದಪದ್ಯದ ಕೊನೆಯ ಅಕ್ಷರವನ್ನು ಹಿಡಿದು ಮೇಲೇರಿದ್ದರು. ಅಷ್ಟರಲ್ಲಿ ರೂಪಶ್ರೀಯ ಕೀಬೋರ್ಡು ತನ್ನ ಲೆಕ್ಕ ಮುಗಿಯಿತೆಂದು ತಬಲ, ತಾಳ, ಪಿಟೀಲು ಎಲ್ಲವನ್ನೂ ಒಟ್ಟಿಗೆ ಬಡಿದು ಸುಮ್ಮನಾಯಿತು. ರಾಜರು ಗಾಳಿಯಲ್ಲಿ ಒಬ್ಬರೇ ಉಳಿದರು.

"ಏನಮ್ಮೀ, ನಾನಿನ್ನೂ ಬದುಕಿದೀನಿ ಕಣೇ. ಆಗ್ಲೇ ಮಂಗಳಾರತಿ ಎತ್ಬುಟ್ಯಲ್ಲ!"

ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ತಬಲದ ಅಡವಿಯಪ್ಪ ಕೂಡ. ಮಿಷನ್ನಿನಲ್ಲೇ ತಬಲ ಇರುವಾಗ ನೀನ್ಯಾಕೆ ಎಂದು ನಾಟಕ ಸಂಘದವರು ಅವನನ್ನು ಬರೀ ನೋಡಲು ಬಿಟ್ಟಿದ್ದರು. ಕಾರ್ಯದರ್ಶಿ ತಿಮ್ಮೇಶ್ ಮಾತ್ರ ನಗಲಿಲ್ಲ.

"ನೋಡವ್ವ, ಮುಂದಿನ್ ಭಾನುವಾರಾನೂ ಹಿಂಗೇ ಆದ್ರೆ ಕುಣಿಗಲ್ ಆರ್ಕೆಸ್ಟ್ರಾದವ್ನನ್ನ ಕರುಸ್ತೀನಿ. ಬೇಜಾರ್ ಮಾಡ್ಕಬೇಡ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಬೇಕು? ಆ ಜಾಗದಲ್ಲಿ ಆಯುಷ್ಯವಿಡೀ ಕೂತವರು ಅವಳ ಅಪ್ಪ ನರಸಿಂಹಯ್ಯ ಮೇಷ್ಟ್ರು. ಅವರು ತೀರಿಕೊಂಡ ಮೇಲೆ ಅವರ ಕಾಲು ಹಾರ್ಮೋನಿಯಂನಲ್ಲಿ ತುಳಿದು ಗಾಳಿ ತುಂಬುವ ತಿದಿಯನ್ನು ಇಲಿಗಳು ತಿಂದವು. ರಿಪೇರಿ ಮಾಡುವವರು ಸಿಗಲಿಲ್ಲ. ಮೇಷ್ಟ್ರು ಕುಡಿದು ತಾಲೀಮಿಗೆ ಬಾರದಿದ್ದಾಗ "ದೊಡ್ಡ ಕಲಾವಿದ, ಬುಡು" ಎಂದು ಕಾದು ಕೂತ ಸಂಘವಿದು. ಅದೇ ಸಂಘ, ಮಗಳು ಒಂದು ಸಲ ಎಡವಿದ್ದಕ್ಕೆ ವಾರದ ಗಡುವು ಕೊಟ್ಟಿತು. ನಾಚಿಕೆಯಾಗಬೇಕು.

ರೂಪಶ್ರೀ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು. ಸಂಜೆ ಕಂಪನಿ ಬಸ್ಸಿಳಿದು ತುಮಕೂರಿನ ಮನೆ ಸೇರಿ, ಕೈಕಾಲು ತೊಳೆದು ಕೀಬೋರ್ಡಿನ ಮುಂದೆ ಕೂರುತ್ತಿದ್ದಳು. ಅದರ ಮೇಲೂ ಸಿಟ್ಟು. ನೂರಾರು ದನಿಗಳಿವೆಯಂತೆ. ಚರ್ಚಿನ ಆರ್ಗನ್ನು ಬಗೆಬಗೆಯದು, ಹೆಲಿಕಾಪ್ಟರ್ ಸದ್ದು, ನಾಯಿ ಬೊಗಳುವುದು ಕೂಡ ಇದೆ. ನಮ್ಮ ಕಾಲು ಹಾರ್ಮೋನಿಯಂ ಇಲ್ಲ! ಇಂಡಿಯಾ ಎಂದು ಬರೆದ ಕಡೆ ಒಂದು ಸಿತಾರ್, ಒಂದು ತಬಲ ಇಟ್ಟು ಕೈತೊಳೆದುಕೊಂಡಿದ್ದಾರೆ. ಬೆರಳಗಲದ ಪರದೆಯಲ್ಲಿ ಬಾಲ ಕತ್ತರಿಸಿದ ಇಂಗ್ಲಿಷ್ ಪದಗಳು. ಒಂದು ಮೆನು ತೆರೆದರೆ ಅದರ ಹೊಟ್ಟೆಯಲ್ಲಿ ಇನ್ನೊಂದು.

ಆದರೆ ಕೊಡುವುದನ್ನೂ ಅದು ಕೊಡುತ್ತಿತ್ತು. ವಯಸ್ಸಾಗಿ ಪುಟ್ಟರಂಗಯ್ಯನವರ ಶ್ರುತಿ ತಗ್ಗಿದೆ. ಒಂದು ಗುಂಡಿ ಒತ್ತಿದರೆ ಯಂತ್ರವೂ ಮಾತಿಲ್ಲದೆ ಅಷ್ಟೇ ತಗ್ಗುತ್ತಿತ್ತು. ಅದರಲ್ಲಿದ್ದ ಎರಡು ರೀಡು ವಾದ್ಯಗಳ ದನಿಯನ್ನು ಒಂದರ ಮೇಲೊಂದು ಹೊದಿಸಿ, ಒಂದನ್ನು ಕೂದಲೆಳೆಯಷ್ಟು ಇಳಿಸಿದರೆ ಅಪ್ಪನ ಹಾರ್ಮೋನಿಯಂ ಪೆಟ್ಟಿಗೆಯ ಆ ನಡುಕ ಸಿಕ್ಕಬಹುದು ಎನಿಸಿತು. ಮಂಗಳವಾರ ಸಿಕ್ಕಿಯೂ ಬಿಟ್ಟಿತು. ಅಮ್ಮ ನಿಂಗಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಆಗಲೇ ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ನೋಡಿದರೆ, ಯಂತ್ರ ಏನೂ ಅರಿಯದ ಮಗುವಿನಂತೆ ಪಿಯಾನೋ ದನಿ ಹಿಡಿದು ಕೂತಿತ್ತು. ರೂಪಶ್ರೀ ಸೇವ್ ಒತ್ತಿರಲಿಲ್ಲ. ಒತ್ತಬೇಕೆಂದು ತೋಚಿದ್ದರೆ ತಾನೇ? ಅಪ್ಪನ ಪೆಟ್ಟಿಗೆ ಒಂದು ದಿನವೂ ತನ್ನ ದನಿಯನ್ನು ಮರೆತದ್ದಿಲ್ಲ.

"ನಿಮ್ಮಪ್ಪನೂ ಹಿಂಗೇ ಕಣೇ," ಎಂದರು ನಿಂಗಮ್ಮ. "ಮಾತು ಮುಗ್ಸೋಕ್ ಮುಂಚೆ ಎದ್ದೋಗೋರು."

ಮರುದಿನ ಮತ್ತೆ ಮೊದಲಿಂದ ಕಟ್ಟಿದಳು. ಈ ಸಲ ಹೆಜ್ಜೆಹೆಜ್ಜೆಗೂ ಸೇವ್. ನಡುವೆ ಕೈಕೊಡುವ ಆ ತಾನೇತಾನಾಗಿ ಬಡಿಯುವ ತಾಳವನ್ನೂ ನಿಲ್ಲಿಸಿದಳು. ದನಿ ಬಂತು, ಆದರೆ ಗೋಡೆಯಂತೆ ನಿಂತೇ ಇತ್ತು. ಉಬ್ಬುವುದಿಲ್ಲ, ಇಳಿಯುವುದಿಲ್ಲ. ಇದಕ್ಕೇನು ಮಾಡುವುದು?

"ಕಾಲ್ ಯಾಕೆ ಹಂಗ್ ಆಡುಸ್ತೀಯಾ? ತೊಟ್ಲು ತೂಗ್ತಿದೀಯಾ?"

ಅಮ್ಮ ಕೇಳಿದ ಮೇಲೆಯೇ ರೂಪಶ್ರೀ ಕೆಳಗೆ ನೋಡಿದ್ದು. ಅವಳ ಪಾದಗಳು ಬರಿನೆಲದ ಮೇಲೆ ತಿದಿ ತುಳಿಯುತ್ತಿದ್ದವು. ಅಪ್ಪ ಮೊದಲು ಕಲಿಸಿದ್ದೇ ಅದು, ಸ್ವರ ಆಮೇಲೆ: ಹಾಡುವವನ ಎದೆ ನೋಡು, ಅದು ಉಬ್ಬಿದಾಗ ತುಳಿ.

ಕೀಬೋರ್ಡಿನ ಚೀಲದ ತಳದಲ್ಲಿ ಒಂದು ಪೆಡಲು ಬಿದ್ದಿತ್ತು. ಕೊಂಡಾಗಿನಿಂದ ಯಾರೂ ಮುಟ್ಟಿರಲಿಲ್ಲ. ಸಿಕ್ಕಿಸಿದಳು. ಅದಕ್ಕೆ ಯಾವ ಕೆಲಸ ಹಚ್ಚಬೇಕು ಎಂದು ಹೇಳುವ ಮೆನು ಹುಡುಕುವಷ್ಟರಲ್ಲಿ ವಾರ ಕಳೆಯುತ್ತ ಬಂತು. ಹಚ್ಚಿದಳು. ಪಾದ ಒತ್ತಿದರೆ ದನಿ ತುಂಬಬೇಕು, ಬಿಟ್ಟರೆ ಬತ್ತಬೇಕು. ಸೇವ್.

ಭಾನುವಾರ ಭವನದಲ್ಲಿ ಅವಳು ಮೊದಲು ಹೇಳಿದ ಮಾತು, "ಅಡವಿಯಪ್ಪಣ್ಣನ್ನ ಕೂರ್ಸಿ."

"ಮಿಷನ್‌ನಲ್ಲೇ ತಬಲ ಐತಲ್ಲ?" ಎಂದ ತಿಮ್ಮೇಶ್.

"ಐತೆ. ಅದಕ್ಕೆ ಪುಟ್ಟರಂಗಯ್ಯ ದೊಡ್ಡಪ್ಪನ ಮುಖ ಕಾಣಲ್ಲ."

ಅಡವಿಯಪ್ಪ ಎರಡನೆಯ ಕರೆಗೆ ಕಾಯಲಿಲ್ಲ. ತಿಮ್ಮೇಶ್ ಕುಣಿಗಲ್ಲಿನವನಿಗೆ ಕರೆ ಮಾಡಲು ತಯಾರಾಗಿ ಕೈಯಲ್ಲಿ ಫೋನು ಹಿಡಿದೇ ಕಂಬಕ್ಕೆ ಒರಗಿದ.

ಪುಟ್ಟರಂಗಯ್ಯ ಪದ್ಯ ಎತ್ತಿದರು. ರೂಪಶ್ರೀ ಕೀಗಳನ್ನು ನೋಡಲಿಲ್ಲ, ಅವರ ಎದೆ ನೋಡಿದಳು. ಅವರು ಉಸಿರೆಳೆದ ಕಡೆ ದನಿ ತಗ್ಗಿ ಕಾಯಿತು. ಕೊನೆಯ ಅಕ್ಷರ ಹಿಡಿದು ಅವರು ಮೇಲೇರಿದಾಗ ಹಿಂದೆಯೇ ಏರಿತು. ಅವರು ಮನಸ್ಸು ಬಂದಷ್ಟು ಹೊತ್ತು ಅಲ್ಲೇ ಸುತ್ತಿದರು. ಈ ಸಲ ಮಂಗಳಾರತಿ ಎತ್ತುವವರು ಯಾರೂ ಇರಲಿಲ್ಲ. ಇಳಿದು ಬಂದ ಜಾಗಕ್ಕೆ ಸರಿಯಾಗಿ ತಬಲ ಬಿತ್ತು.

ಪುಟ್ಟರಂಗಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡರು.

"ಸ್ವರ ಜಾರೋ ಕಡೆ ಇನ್ನೂವೆ ಮೆಟ್ಲು ಹತ್ತಿದಂಗೆ ಹತ್ತುತ್ತೆ ನಿನ್ ಮಿಷನ್ನು."

"ಸ್ವರ ಜಾರ್ಸೋಕೂ ಇದ್ರಲ್ಲಿ ಒಂದ್ ಚಕ್ರ ಐತೆ ದೊಡ್ಡಪ್ಪ. ಇನ್ನೂ ಕೈಗೆ ಹತ್ತಿಲ್ಲ."

"ಹತ್ತುತ್ತೆ ಬುಡು. ನಿಮ್ಮಪ್ಪಂಗೇನು ಒಂದೇ ದಿನಕ್ಕೆ ಹತ್ತಿತ್ತಾ? ಎಲ್ಲಿ, ಒನ್ಸ್ ಮೋರ್!"

ಎರಡನೆಯ ಸಲ ಎತ್ತುವಾಗ ನುಣ್ಣನೆಯ ಟೈಲ್ಸ್ ಮೇಲೆ ಪೆಡಲು ಜಾರಿ ಮುಂದೆ ಹೋಯಿತು. ರೂಪಶ್ರೀ ಕಾಲು ಚಾಚಿ ತಡಕಾಡಿದಳು. ತಿಮ್ಮೇಶ್ ಫೋನನ್ನು ಜೇಬಿಗೆ ತುರುಕಿ ಬಂದ. ಹೆಗಲ ಮೇಲಿನ ಟವೆಲ್ ಮಡಚಿ, ಮಂಡಿಯೂರಿ, ಪೆಡಲಿನ ಕೆಳಗೆ ಸಿಕ್ಕಿಸಿದ.

"ತುಳಿಯವ್ವ," ಎಂದ. "ಇನ್ನು ಜಾರಲ್ಲ."