ಒಣಗೈಗೆ ಸಕ್ಕರೆ

ನಮ್ಮ ಅಂಗಡಿಯಲ್ಲಿ ಸಕ್ಕರೆಯನ್ನು ಜನ ಚಹಾಕ್ಕೆ ಕೊಳ್ಳುತ್ತಾರೆ, ಹಬ್ಬಕ್ಕೆ ಕೊಳ್ಳುತ್ತಾರೆ. ಕೈಗೆ ತಿಕ್ಕಿಕೊಳ್ಳಲು ಕೊಳ್ಳುವವಳು ಇಡೀ ಕುರುಗೋಡಿಗೆ ಒಬ್ಬಳೇ ಇದ್ದಳು, ಅವಳೂ ನಮ್ಮ ಗೋಡೆಯ ಆಚೆಗೇ ಬಂದು ಸೇರಿಕೊಂಡಳು. ಹೆಸರು ನಾಗಲಕ್ಷ್ಮಿ. ಅವಳು ಬಂದ ಮೇಲೆ ಓಣಿಯ ಇರುವೆಗಳಿಗೆಲ್ಲ ಆ ಮನೆಯ ವಿಳಾಸ ಗೊತ್ತಾಯಿತು. ಗೋಡೆ ಒಂದೇ ಆದ್ದರಿಂದ ನಮ್ಮ ಮನೆಗೂ ಬಂದವು. ಶುರುವಿನಲ್ಲಿ ನಾನು ಅವಳ ಜೊತೆ ಆಡಿದ ಮಾತೆಲ್ಲ ಇರುವೆಗಳ ಬಗ್ಗೆಯೇ, ಅದೂ ಜೋರು ದನಿಯಲ್ಲಿ.

ನಾನು ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ಬೇಕಾದರೆ ನಮ್ಮ ಯಜಮಾನರನ್ನು ಕೇಳಿ, ಇಷ್ಟು ವರ್ಷವಾಯಿತು, ಅವರಿನ್ನೂ ಕಾಯುತ್ತಲೇ ಇದ್ದಾರೆ. ಆದರೆ ಈ ನಾಗಲಕ್ಷ್ಮಿಯ ವಿಷಯ ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಅವಳು ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ. ಕಾಲುವೆ ನೀರಿನ ಊರು. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡಿ ಅವಳ ತಾಯಿಯ ಹಿಮ್ಮಡಿ ಬಿರಿದು ಹೋಗಿತ್ತು. ಸಂಜೆಯಾದರೆ ತಾಯಿಯ ಕಾಲು ತೊಡೆಯ ಮೇಲಿಟ್ಟುಕೊಂಡು ಔಡಲೆಣ್ಣೆ ತಿಕ್ಕುವುದು ಮಗಳ ಕೆಲಸ. ದುಡಿದವರ ಕೈಕಾಲು ನೋಡಿದರೆ ಸುಮ್ಮನಿರಲಾಗದ ಗುಣ ಅಲ್ಲಿಂದಲೇ ಬಂದಿರಬೇಕು. ಈಗಲೂ ಯಾರಾದರೂ ಎದುರಿಗೆ ಬಂದರೆ ಮೊದಲು ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ.

ಮದುವೆಯಾಗಿ ಕುರುಗೋಡಿಗೆ ಬಂದ ಮೇಲೆ ಕೆಲವು ವರ್ಷ ಬಳ್ಳಾರಿಯ ಒಂದು ಬ್ಯೂಟಿ ಪಾರ್ಲರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಕೆಲಸ ಮಾಡಿದಳು. ಕಸ ಗುಡಿಸುವುದು, ಟವೆಲ್ ಒಗೆಯುವುದು. ಅಲ್ಲಿ ಮದುವೆ ಹೆಣ್ಣುಗಳ ಕೈಗೆ ತಿಕ್ಕಲು ಒಂದು ಗಾಜಿನ ಡಬ್ಬಿ ಇತ್ತಂತೆ. ತಿಕ್ಕಿ ತೊಳೆದರೆ ಕೈ ಹೂವಿನಂತೆ ಮೆತ್ತಗಾಗುತ್ತಿತ್ತು. ಅದರಲ್ಲಿ ಏನಿದೆ ಎಂದು ಕೇಳುವ ಧೈರ್ಯವಿಲ್ಲದೆ, ಯಾರೂ ಇಲ್ಲದಾಗ ಚೂರು ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಸಕ್ಕರೆ. ಜೊತೆಗೆ ಎಣ್ಣೆ, ಮತ್ತೆ ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗದ ಗುಲಾಬಿ ವಾಸನೆ. ಅವತ್ತು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಾ ಬಂದಳಂತೆ. ಇಷ್ಟೇನಾ, ಇದು ನನ್ನ ಅಡುಗೆಮನೆಯಲ್ಲೇ ಐತಲ್ಲ ಅಂತ.

ಪಾರ್ಲರ್ ಮುಚ್ಚಿತು. ಸಂಕ್ರಾಂತಿ ಮುಗಿದು ಮೆಣಸಿನಕಾಯಿ ಸುಗ್ಗಿ ಬಂತು, ನಾಗಲಕ್ಷ್ಮಿಯೂ ಎಲ್ಲರಂತೆ ಕಣಕ್ಕೆ ಹೋದಳು. ನಮ್ಮ ಕಡೆ ಆ ತಿಂಗಳುಗಳಲ್ಲಿ ನೆಲ ಕಾಣುವುದಿಲ್ಲ, ಕಂಡಲ್ಲೆಲ್ಲ ಕೆಂಪು. ಹೆಂಗಸರು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಾರೆ. ಗ್ಲೌಸ್ ಹಾಕಿಕೊಂಡರೆ ತೊಟ್ಟು ಬೆರಳಿಗೆ ಸಿಗುವುದಿಲ್ಲ, ಒಳಗೆ ಕೈ ಬೆವರಿ ಇನ್ನಷ್ಟು ಉರಿಯುತ್ತದೆ. ಹಾಗಾಗಿ ಬರಿಗೈ. ಸಂಜೆ ಸೋಪು ಹಾಕಿ ತೊಳೆದರೂ, ಸ್ನಾನ ಮಾಡಿದರೂ ಆ ಖಾರ ಬೆರಳು ಬಿಟ್ಟು ಹೋಗುವುದಿಲ್ಲ. ತಪ್ಪಿ ಕಣ್ಣು ಮುಟ್ಟಿಕೊಂಡರೆ ಮುಗಿಯಿತು ಕಥೆ.

ಆ ಕೈಗಳನ್ನು ನೋಡಿ ನಾಗಲಕ್ಷ್ಮಿಗೆ ಡಬ್ಬಿ ನೆನಪಾಯಿತು. ಮೊದಲ ಸಲ ಫೋನಿನಲ್ಲಿ ವಿಡಿಯೋ ನೋಡಿ ಮಾಡಿದಳು. ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಗಟ್ಟಿ ಇರಬೇಕು, ಸಕ್ಕರೆ ಕಲಸಿ ನಿಂಬೆಹಣ್ಣು ಹಿಂಡಬೇಕು ಎಂದು ಅದರಲ್ಲಿ ಹೇಳಿದ್ದರು. ನಮ್ಮ ಬಿಸಿಲಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ನಿಲ್ಲುವುದಾದರೆ ನಾವೆಲ್ಲ ಕಂಬಳಿ ಹೊದ್ದು ಓಡಾಡುತ್ತಿದ್ದೆವು. ಸಕ್ಕರೆ ತಳಕ್ಕೆ ಕೂತಿತು, ಎಣ್ಣೆ ಮೇಲೆ ತೇಲಿತು. ಅದನ್ನೇ ಕಲಕಿ ಕಣದ ಹಿರಿಯ ಹೆಂಗಸು ಶಿವಬಸಮ್ಮನ ಕೈಗೆ ತಿಕ್ಕಿದಳು. ಬಿರುಕುಬಿಟ್ಟ ಬೆರಳಿಗೆ ನಿಂಬೆ ರಸ ಇಳಿಯಿತು ನೋಡಿ, ಆ ಯಮ್ಮ ಕಣದ ತುಂಬ ಕುಣಿದುಬಿಟ್ಟಳು. ತೆಲುಗಿನಲ್ಲಿ ಒಂದಷ್ಟು ಬೈದಳು, ಸಾಲದ್ದಕ್ಕೆ ಕನ್ನಡದಲ್ಲೂ ಬೈದಳು.

ಬೇರೆ ಯಾರಾದರೂ ಆಗಿದ್ದರೆ ಆ ಬೈಗುಳಕ್ಕೆ ಡಬ್ಬಿ ತಿಪ್ಪೆಗೆ ಎಸೆಯುತ್ತಿದ್ದರು. ನಾನಂತೂ ಎಸೆಯುತ್ತಿದ್ದೆ. ಇವಳು ಮನೆಗೆ ಹೋಗಿ ನಿಂಬೆ ಬಿಟ್ಟಳು. ಸಕ್ಕರೆ ಹರಳು ಗೀರುತ್ತದೆ ಎಂದು ಒರಳಿಗೆ ಹಾಕಿ ರವೆಯಷ್ಟು ಸಣ್ಣಗೆ ಕುಟ್ಟಿದಳು. ಶೇಂಗಾ ಎಣ್ಣೆ, ಚಿಟಿಕೆ ಅರಿಶಿನ. ಮುಂಚೆಯೇ ಕಲಸಿಟ್ಟರೆ ತಳಕ್ಕೆ ಕೂರುತ್ತದೆಂದು ಸಕ್ಕರೆ, ಎಣ್ಣೆ ಎರಡನ್ನೂ ಬೇರೆಬೇರೆ ಒಯ್ದು, ಕೆಲಸ ಬಿಡುವ ಹೊತ್ತಿಗೆ ಒಬ್ಬೊಬ್ಬರ ಅಂಗೈಯಲ್ಲೇ ಕಲಸಿದಳು. ಪ್ರತಿ ಸಲವೂ ಮೊದಲು ತನ್ನ ಕೈಗೆ, ಆಮೇಲೆ ಬೇರೆಯವರಿಗೆ. ಹಳೇ ಬಟ್ಟೆಯಿಂದ ಒರೆಸಿ, ಮನೆಗೆ ಹೋಗಿ ಸೋಪು ಹಾಕಿ ತೊಳೆದರೆ ಉರಿ ಇಲ್ಲ. ಶಿವಬಸಮ್ಮನೇ ಮುಂದೆ ಬಂದು ಕೈ ಒಡ್ಡತೊಡಗಿದಳು.

ಒಬ್ಬಳ ಕೈಗೆ ಮಾತ್ರ ಅದು ಕೆಲಸ ಮಾಡಲಿಲ್ಲ. ರಾಧಾ. ಅವಳಿಗೆ ನಾಲ್ಕು ತಿಂಗಳ ಕೂಸು. ತಮ್ಮದೇ ಹೊಲದ ಬೆಳೆ ಕಣದಲ್ಲಿ ಹರವಿತ್ತು, ಗಂಡ ಹಂಪೇಶ್ ಒಬ್ಬನಿಂದ ಆಗುವಂಥದ್ದಲ್ಲ, ಅವಳು ಕೂರಲೇಬೇಕಿತ್ತು. ಕೆಲಸ ಬಿಟ್ಟ ಕೂಡಲೇ ಮಗುವಿಗೆ ಹಾಲು ಕುಡಿಸಲು ಮನೆಗೆ ಓಡುತ್ತಿದ್ದಳು. ಅಂಗೈಯಲ್ಲಿ ಕಲಸಿಸಿಕೊಳ್ಳಲು ಪುರುಸೊತ್ತಿಲ್ಲ, ಆದ್ದರಿಂದ ನಾಗಲಕ್ಷ್ಮಿ ಅವಳಿಗೊಂದು ಉಪ್ಪಿನಕಾಯಿ ಬಾಟಲಿಯಲ್ಲಿ ಎರಡನ್ನೂ ಹಾಕಿ, ಮನೆಯಲ್ಲಿ ಕಲಕಿ ತಿಕ್ಕಿಕೋ ಎಂದು ಕೊಟ್ಟಿದ್ದಳು. ಒಂದು ದಿನ ರಾಧಾ ಅದೇ ಬಾಟಲಿ ಹಿಡಿದು ನಮ್ಮ ಓಣಿಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು.

“ಅಕ್ಕಾ, ಎಲ್ಲಾರ ಕೈಗೂ ಹತ್ತಿದ ಸಕ್ಕರಿ ನನ್ನ ಕೈಗೆ ಯಾಕ ಹತ್ತವಲ್ದು? ನಾನು ಮುಟ್ಟಿದ್ರ ಕೂಸು ಚೀರತೈತಿ. ಕೆನ್ನಿ ಕೆಂಪಗಾಗತಾವ. ಹಾಲು ಕುಡಸಾಕ ಹೋದ್ರ ಮುಖ ಆ ಕಡಿ ತಿರುವತೈತಿ.”

“ನಿಮ್ಮತ್ತಿ ಏನಂತಾರ?” ಎಂದು ನಾನು ಕೇಳಿದೆ.

“ಇನ್ನ ನಿನ್ನ ಕೈಗೆ ಕೂಸು ಕೊಡಂಗಿಲ್ಲ, ಬಾಟ್ಲಿ ಹಾಲಿಗೆ ಹಚ್ಚತೀನಿ ಅಂತಾರ. ಸುಗ್ಗಿ ಮುಗಿಯೋತನಕ ಹಂಗ. ಅಷ್ಟರಾಗ ಅದು ನನ್ನ ಮರತ ಬಿಡತೈತೇನಕ್ಕ?”

ನಾಗಲಕ್ಷ್ಮಿ ಅವಳ ಕೈ ತಿರುಗಿಸಿ ತಿರುಗಿಸಿ ನೋಡಿದಳು. ಮರುದಿನ ಸಂಜೆ ಕಣದಿಂದ ಬೇಗ ಎದ್ದು ಬಂದು, “ಶೈಲಕ್ಕ, ಬರ್ರಿ, ರಾಧಾನ ಮನೀಗೆ ಹೋಗೂಣು. ಆಕಿ ಹೆಂಗ ತಿಕ್ಕತಾಳ ನೋಡಬೇಕು” ಎಂದು ನನ್ನನ್ನೂ ಹೊರಡಿಸಿದಳು. ಅಂಗಡಿ ಯಜಮಾನರಿಗೆ ಬಿಟ್ಟು ಹೋದೆ.

ರಾಧಾಳ ಅತ್ತೆ ಗಾದೆಮ್ಮ ಬಾಗಿಲ ಕಟ್ಟೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತಿದ್ದಳು. ಬಿಗಿ ಮುಖದ ಮುದುಕಿ. ರಾಧಾ ಓಡುತ್ತಾ ಬಂದಳು. ಚಪ್ಪಲಿ ಬಿಟ್ಟಳು, ಹೊಸ್ತಿಲ ಪಕ್ಕದ ಬಕೆಟ್ಟಿನಿಂದ ನೀರು ತೆಗೆದು ಮೊಣಕೈವರೆಗೆ, ಮುಖಕ್ಕೆ, ಕಾಲಿಗೆ ಹಾಕಿಕೊಂಡಳು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದೇ ಪದ್ಧತಿ, ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಕೂಸಿರುವ ಮನೆಯಲ್ಲಂತೂ ಕೇಳಲೇಬೇಡಿ. ತೊಳೆದುಕೊಂಡ ಮೇಲೆ ರಾಧಾ ಬಾಟಲಿ ಎತ್ತಿಕೊಂಡಳು.

“ನಿಂದ್ರು” ಎಂದಳು ನಾಗಲಕ್ಷ್ಮಿ. “ದಿನಾ ಹಿಂಗ ಮಾಡತೀಯೇನು? ಮೊದ್ಲು ನೀರು?”

“ತೊಳಕೊಳ್ದ ಒಳಗ ಹೆಂಗ ಬರ್ಲಿ?”

ನಾಗಲಕ್ಷ್ಮಿ ಅವಳ ಒದ್ದೆ ಅಂಗೈಗೆ ಬಾಟಲಿಯಿಂದ ಚೂರು ಹಾಕಿದಳು. ಸಕ್ಕರೆ ನಮ್ಮ ಕಣ್ಣೆದುರೇ ಕರಗಿ ಪಾಕವಾಯಿತು. ಎಣ್ಣೆ ನೀರಿನ ಮೇಲೆ ಜಾರಿ ನೆಲಕ್ಕೆ ಬಿತ್ತು. ಬೆರಳಿನ ಖಾರ ಇದ್ದಲ್ಲೇ ಇತ್ತು. ಕಣದಲ್ಲಿ ಕುಡಿಯುವ ನೀರು ಬಿಟ್ಟರೆ ಬೇರೆ ನೀರಿಲ್ಲ, ಅಲ್ಲಿ ಎಲ್ಲರದ್ದೂ ಒಣಗೈ. ಹಾಗಾಗಿ ಒದ್ದೆ ಕೈಗೆ ಇದು ಹತ್ತುವುದಿಲ್ಲ ಎಂಬುದು ನಾಗಲಕ್ಷ್ಮಿಗೂ ಹೊಳೆದಿರಲಿಲ್ಲ.

“ಒಗ್ಗರಣಿ ಒಳಗ ನೋಡಿಲ್ಲೇನು? ಖಾರ ಎಣ್ಣಿಗೆ ಇಳಿತೈತಿ, ನೀರಿಗೆ ಇಳಿಯಂಗಿಲ್ಲ. ನಾಳಿ ಕಣದಿಂದ ಬಂದ ಮ್ಯಾಲ ನಾ ಬರೋತನಕ ನೀರು ಮುಟ್ಟಬ್ಯಾಡ” ಎಂದಳು.

ಮರುದಿನ ನಾವಿಬ್ಬರೂ ಮತ್ತೆ ಹೋದೆವು, ನಾಗಲಕ್ಷ್ಮಿ ಬಕೆಟ್ಟಿಗೆ ಅಡ್ಡ ನಿಂತುಬಿಟ್ಟಳು. ಗಾದೆಮ್ಮನಿಗೆ ಸರಿಬರಲಿಲ್ಲ. “ನಮ್ಮನಿ ಪದ್ಧತಿ ಕೆಡಸಾಕ ಬಂದೀಯೇನಬೇ?”

“ಇಲ್ಲ ದೊಡ್ಡಮ್ಮ. ಹೊಸ್ತಿಲ ಹೊರಗ ಮೊದ್ಲು ಎಣ್ಣಿ ಸಕ್ಕರಿ, ಆಮ್ಯಾಲ ಸೋಪು, ನಿಮ್ಮ ನೀರು. ಒಳಗ ಬರೂಮುಂದ ಆಕಿ ತೊಳಕೊಂಡ ಬರತಾಳ.”

ಗಾದೆಮ್ಮ ಕಟ್ಟೆಯ ಮೇಲೆ ಸರಿದು ಜಾಗ ಬಿಟ್ಟಳು. ಒಪ್ಪಿದಳೆಂದಲ್ಲ, ನೋಡೋಣ ಎಂದು. ನಾಗಲಕ್ಷ್ಮಿ ರಾಧಾಳ ಒಣ ಕೈಗಳನ್ನು ಮಡಿಲಿಗೆ ಎಳೆದುಕೊಂಡು ತಿಕ್ಕಿದಳು, ಬಟ್ಟೆಯಿಂದ ಒರೆಸಿದಳು, ಸೋಪು ಹಾಕಿ ತೊಳೆಸಿದಳು. ರಾಧಾ ಒಳಗೆ ಹೋಗಿ ಕಣದ ಸೀರೆ ಬದಲಿಸಿ ಬಂದಳು. ಕೂಸಿನ ಕಡೆ ಕೈ ಚಾಚಲು ಮಾತ್ರ ಅವಳಿಗೆ ಧೈರ್ಯ ಬರಲಿಲ್ಲ. ಮತ್ತೆ ಚೀರಿದರೆ ಅತ್ತೆ ಇನ್ನೊಂದು ಸಲ ಕೊಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

“ಮೊದ್ಲು ನನ್ನ ಕಣ್ಣಿಗೆ ಹಚ್ಚು” ಎಂದಳು ನಾಗಲಕ್ಷ್ಮಿ.

ರಾಧಾ ಕೈ ಹಿಂದಕ್ಕೆಳೆದುಕೊಂಡಳು. ನಾಗಲಕ್ಷ್ಮಿ ಬಿಡಲಿಲ್ಲ. ಅವಳ ಬೆರಳು ಹಿಡಿದು ತನ್ನ ಎಡಗಣ್ಣಿನ ರೆಪ್ಪೆಯ ಮೇಲೆ ತಾನೇ ಒತ್ತಿ ಎಳೆದುಕೊಂಡಳು. ನೋಡನೋಡುತ್ತಿದ್ದಂತೆ ಆ ಕಣ್ಣು ಕೆಂಡವಾಯಿತು, ನೀರು ಗಲ್ಲದ ಮೇಲೆ ಇಳಿಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಿನಗ ತಲಿ ಕೆಟ್ಟೈತೇನು? ಕಣ್ಣು ಹೋದ್ರ ಏನ್ ಮಾಡತೀ?” ಎಂದು ಬೈದೆ.

“ಉಗುರಿನ ಸಂದ್ಯಾಗ ಉಳದೈತಿ ಅಕ್ಕ. ಕೈ ಒಣಗಸಿ ಇನ್ನೊಮ್ಮಿ ತಿಕ್ಕಬೇಕು” ಎಂದಳು, ಅಷ್ಟೇ.

ಒಂದು ಕಣ್ಣು ಮುಚ್ಚಿಕೊಂಡೇ ಮತ್ತೆ ಕೂತಳು. ರಾಧಾಳ ಕೈಯನ್ನು ತನ್ನ ಸೆರಗಿನಿಂದ ಒರೆಸಿ ಒಣಗಿಸಿದಳು. ಒಂದೊಂದೇ ಉಗುರಿನ ಕೆಳಗೆ ಎಣ್ಣೆ ಸಕ್ಕರೆ ಇಟ್ಟು, ಬಟ್ಟೆಯ ತುದಿ ಹುರಿಗೊಳಿಸಿ ತೆಗೆದಳು. ಮತ್ತೆ ಸೋಪು, ಮತ್ತೆ ನೀರು. ಆಮೇಲೆ ಅದೇ ಬೆರಳನ್ನು ಉಳಿದ ಕಣ್ಣಿಗೆ ಹಚ್ಚಿಕೊಂಡಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಾ ಕೂತೆವು. ಇವಳಿಗಿಂತ ದೊಡ್ಡ ಮನುಷ್ಯಳನ್ನು ನಾನು ಕಂಡಿಲ್ಲ ಎಂದು ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ.

“ಏನೂ ಇಲ್ಲ” ಎಂದಳು. “ದೊಡ್ಡಮ್ಮ, ಕೂಸು ಕೊಡ್ರಿ.”

ಗಾದೆಮ್ಮ ಅವಳ ಉರಿಯುವ ಕಣ್ಣನ್ನೂ ಉರಿಯದ ಕಣ್ಣನ್ನೂ ನೋಡಿದಳು. ಕೂಸನ್ನು ಎತ್ತಿ ಸೊಸೆಯ ತೊಡೆಗೆ ಹಾಕಿದಳು. ರಾಧಾ ಕೆನ್ನೆ ಮುಟ್ಟಿದಳು. ಕೂಸು ಆ ಬೆರಳನ್ನು ಹಿಡಿದು ಬಾಯಿಗೆ ಒಯ್ದುಕೊಂಡು ಚೀಪತೊಡಗಿತು. ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಎದೆಗೆ ಮುಖ ಹುಗಿಸಿ ಹಾಲು ಕುಡಿಯಿತು. ರಾಧಾ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು.

ಗಾದೆಮ್ಮ ಯಾರ ಕಡೆಗೂ ನೋಡದೆ ಹೇಳಿದಳು. “ನಾನೂ ಇದ ಕಣದಾಗ ಕುಂತಾಕಿ. ಸುಗ್ಗಿ ಮುಗಿಯೋತನಕ ಹಂಪೇಶನ್ನ ಎತ್ತಿಕೊಂಡಿದ್ದಿಲ್ಲ. ನಮ್ಮಕ್ಕ ಆಡಿಸಿದ್ಳು. ಆಮ್ಯಾಲ ಕರದ್ರ ಅವ ನನ್ನ ಹತ್ರ ಬರ್ತಿದ್ದಿಲ್ಲ.”

ಎಂದವಳೇ ಎರಡೂ ಅಂಗೈ ಮುಂದೆ ಚಾಚಿದಳು. “ನಂಗೂ ಒಂಚೂರು ಹಾಕಬೇ.”

ಆ ಮುದುಕಿ ಮೆಣಸಿನಕಾಯಿ ರಾಶಿಗೆ ಕೂರುವುದು ಬಿಟ್ಟು ವರ್ಷಗಳಾಗಿದ್ದವು. ಆದರೂ ನಾಗಲಕ್ಷ್ಮಿ ಅವಳ ಮುಂದೆ ಕೂತು ಆ ಕೈಗಳನ್ನು ಮಡಿಲಿಗೆ ತೆಗೆದುಕೊಂಡು ಬೆರಳು ಬೆರಳಿಗೂ ಎಣ್ಣೆ ಸಕ್ಕರೆ ತಿಕ್ಕಿದಳು. ಗಾದೆಮ್ಮ ಕಣ್ಣು ಮುಚ್ಚಿಕೊಂಡು, ಸೊಸೆಯ ಪಕ್ಕದಲ್ಲೇ, ತಿಕ್ಕಿಸಿಕೊಳ್ಳುತ್ತಾ ಕೂತಿದ್ದಳು.