ಲಿಡ್ವಿನ್ ಟೀಚರ್ ಆರಿಸಿದ ಪರೀಕ್ಷೆ

ಲಿಡ್ವಿನ್ ಟೀಚರ ಎದುರು ಯಾವ ಮಗುವನ್ನೂ ತೋರಿಸಿ ‘ಪಾಪ’ ಎನ್ನುವಂತಿರಲಿಲ್ಲ. ಅಂದವರಿಗೆ ಅವರು ಬೈಯುತ್ತಿರಲಿಲ್ಲ, ಬೈದಿದ್ದರೇ ವಾಸಿಯಿತ್ತು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ‘ಯಾಕೆ?’ ಎಂದು ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದರು. ಉತ್ತರ ಹೊಳೆಯದೆ ತಡವರಿಸಿದ ಹೆಡ್‌ಮಾಸ್ಟರುಗಳು ಕಾಪುವಿನಿಂದ ಕಾರ್ಕಳದ ತನಕ ಇದ್ದರು.

ಅವರ ಕೆಲಸವೇ ಹಾಗೆ ಊರೂರು ಸುತ್ತುವುದು. ಬೆಳ್ಮಣ್ಣಿನ ಮನೆಯಿಂದ ಬೆಳಗಿನ ಬಸ್ಸು ಹಿಡಿದು ದಿನಕ್ಕೊಂದು ಹೈಸ್ಕೂಲಿಗೆ ಹೋಗಬೇಕು. ಅಲ್ಲಿ ಕಣ್ಣು, ಕಿವಿ, ಕೈಕಾಲು ಸರಿಯಿಲ್ಲದ ಮಕ್ಕಳಿಗೆ ಪಾಠದಲ್ಲಿ ಆಸರೆಯಾಗಬೇಕು. ಆ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ಪಬ್ಲಿಕ್ ಪರೀಕ್ಷೆಯನ್ನು ಯಾವ ರೀತಿ ಬರೆಯಬೇಕು ಎಂಬುದನ್ನೂ ನೋಡಬೇಕು. ಬೇರೆಯವರ ಕೈಯಿಂದ ಬರೆಸಲು ನಿಯಮದಲ್ಲಿ ಅವಕಾಶವಿತ್ತು. ಹೆಚ್ಚು ಸಮಯ ಕೇಳಬಹುದಿತ್ತು, ಒಂದು ಭಾಷೆ ಬಿಡಬಹುದಿತ್ತು, ಗಣಿತದ ಬದಲು ಸಮಾಜಶಾಸ್ತ್ರ ತೆಗೆದುಕೊಳ್ಳಬಹುದಿತ್ತು. ಹೆಚ್ಚಿನ ಶಾಲೆಗಳು ಎಲ್ಲವನ್ನೂ ಒಟ್ಟಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದವು. ಲಿಡ್ವಿನ್ ಟೀಚರ್ ಒಂದೊಂದನ್ನೂ ಮಗುವಿನ ಮೈಗೆ ಹಿಡಿದು ನೋಡುತ್ತಿದ್ದರು, ಟೈಲರ್ ಬಟ್ಟೆ ಹಿಡಿದ ಹಾಗೆ.

ಈ ಹಟ ಬಂದದ್ದು ಮನೆಯಿಂದ. ಅಣ್ಣ ಜೋಕಿಮನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಲೆಕ್ಕದಲ್ಲಿ ತಂಗಿಗಿಂತ ಮುಂದೆ. ಆದರೆ ಏಳನೆಯ ತರಗತಿಯ ಪರೀಕ್ಷೆ ಬಂದಾಗ ಮಾಸ್ತರರು, ನೆರೆಕರೆಯವರು, ಹೆತ್ತ ಅಪ್ಪ ಎಲ್ಲರೂ ಸೇರಿ, ಪಾಪ, ಇವನಿಗ್ಯಾಕೆ ಆ ಉಪದ್ರ ಎಂದು ಅವನನ್ನು ಮನೆಯಲ್ಲೇ ಕೂರಿಸಿದರು. ಕೆಟ್ಟ ಮನಸ್ಸು ಯಾರದ್ದೂ ಅಲ್ಲ. ಇವತ್ತು ಜೋಕಿಮನದ್ದು ಹಿಟ್ಟಿನ ಮಿಲ್ಲು ಉಂಟು, ಚೆನ್ನಾಗಿಯೇ ನಡೆಯುತ್ತದೆ. ಊರಿನ ಮಕ್ಕಳ ರಿಸಲ್ಟ್ ಬರುವ ದಿನ ಮಾತ್ರ ಅವನು ಮಿಲ್ಲಿನಿಂದ ಹೊರಗೆ ಬರುವುದಿಲ್ಲ.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಮಣಿಪಾಲದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಟೀಚರಿಗೆ ಹತ್ತನೆಯ ತರಗತಿಯ ಅಶ್ವಿನಿ ಸಿಕ್ಕಿದಳು. ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತ ಸೋಮಲಿಂಗ, ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ರೇಣುಕವ್ವ, ಇವರ ಮಗಳು. ಹುಟ್ಟುವಾಗಲೇ ಬಲಗೈ ಮತ್ತು ಕಾಲುಗಳು ಬಿಗಿದುಕೊಂಡಿದ್ದವು. ನಾಲಿಗೆಯೂ ತುಸು ಬಿಗಿ. ಎಡಗೈಯಲ್ಲಿ ಬರೆಯುತ್ತಿದ್ದಳು, ಬಹಳ ನಿಧಾನವಾಗಿ. ಸೈಟಿನಲ್ಲಿ ಹರಿದುಹೋದ ಮನೆ ನಕ್ಷೆಗಳನ್ನು ಅಪ್ಪ ಪುಸ್ತಕಕ್ಕೆ ಬೈಂಡು ಹಾಕಲೆಂದು ತಂದು ಕೊಡುತ್ತಿದ್ದ. ಅವಳು ಬೈಂಡಿನ ಮೇಲೆಯೇ ಅಡುಗೆಮನೆ ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ಹುಡುಕುತ್ತ ಬೆಳೆದಳು. ಈಗ ಅವಳಿಗೆ ಕಟ್ಟಡದ ಡಿಪ್ಲೊಮಾ ಓದಬೇಕು, ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯಬೇಕು. ಆ ಕೋರ್ಸಿಗೆ ಗಣಿತ ಬೇಕೇ ಬೇಕು.

ಹೆಡ್‌ಮಾಸ್ಟರ್ ಭುಜಂಗ ರಾಯರು ಅಷ್ಟರಲ್ಲೇ ಎಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಬರೆಯಲು ಒಬ್ಬ ಹುಡುಗಿ, ಗಣಿತದ ಬದಲು ಸಮಾಜಶಾಸ್ತ್ರ, ಹಿಂದಿ ಬೇಡ. ರಾಯರು ಒಳ್ಳೆಯವರೇ, ಆದರೆ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ತರುವ ಆಸೆ ಅವರ ನೆತ್ತಿಗೇರಿತ್ತು. ಸೋಮಲಿಂಗನೂ ಸಂತೋಷದಿಂದ ಒಪ್ಪಿದ್ದ. ರೇಷನ್ನಿಗೆ, ಶೆಡ್ಡಿಗೆ, ನೀರಿನ ನಳಕ್ಕೆ ಪರವೂರಲ್ಲಿ ಸಾಲು ನಿಂತು ನಿಂತು ಅವನು ಕಲಿತ ಪಾಠ ಒಂದೇ: ಕೊಟ್ಟದ್ದನ್ನು ಬಿಟ್ಟು ಬಂದರೆ ನಾಳೆ ಅದೂ ಸಿಗುವುದಿಲ್ಲ.

“ಸರ್ಕಾರ ತಾನಾಗೇ ಕೊಡಾಕತ್ತೈತಿ ಅಂದ್ರ ಯಾಕ ಬಿಡಬೇಕ್ರಿ ಅಕ್ಕೋರ?” ಎಂದು ಅವನು ಕೇಳಿದ.

ಟೀಚರ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೂರು ಶನಿವಾರ ಕೊಡಿ, ಮೊದಲು ಪರೀಕ್ಷೆಯನ್ನೇ ಪರೀಕ್ಷೆ ಮಾಡುವ ಎಂದರು. ರಾಯರು ಮೂಗು ಮುರಿದರು, ಆದರೆ ಕೊಟ್ಟರು.

ಮೊದಲ ಶನಿವಾರ ಒಂಬತ್ತನೆಯ ತರಗತಿಯ ಕಮಲ ಪಕ್ಕದಲ್ಲಿ ಕೂತು ಅಶ್ವಿನಿ ಹೇಳಿದ್ದನ್ನು ಬರೆದುಕೊಂಡಳು. ಗಣಿತದ ಹಳೆಯ ಪ್ರಶ್ನೆಪತ್ರಿಕೆ. ಕಮಲಳ ಅಕ್ಷರ ಮುತ್ತಿನಂತಿತ್ತು, ಆದರೆ ಅಶ್ವಿನಿ ಪಾಸೇ ಆಗಲಿಲ್ಲ. ತನಗೆ ಸಲೀಸಾಗಿ ಬರುವ ಲೆಕ್ಕಗಳನ್ನೂ ಅರ್ಧಕ್ಕೇ ಬಿಟ್ಟಿದ್ದಳು. ಯಾಕೆಂದು ಟೀಚರ್ ಕೇಳಿದಾಗ ತಲೆ ತಗ್ಗಿಸಿ ಒಂದೊಂದೇ ಶಬ್ದ ಹೊರಗೆ ತಂದಳು. “ಒಂದೊಂದು ಸಾಲು ಮೂರು ಮೂರು ಸಲ ಹೇಳಬೇಕ್ರಿ ಟೀಚರ್. ಕಮಲಾಗ ಬ್ಯಾಸರ ಆಗ್ತಿತ್ತು. ಅದಕ್ಕ ಬಿಟ್ಟೆ.”

ಸಹಾಯಕ್ಕೆಂದು ಕೊಟ್ಟ ಕೈಯನ್ನು ನೋಯಿಸಬಾರದೆಂದು ಈ ಹುಡುಗಿ ತನ್ನ ಅಂಕವನ್ನೇ ಬಿಟ್ಟುಕೊಟ್ಟಿದ್ದಳು. ಅದರ ಮೇಲೆ ಅವಳ ಲೆಕ್ಕ ಬಾಯಲ್ಲಿ ನಡೆಯುವಂಥದ್ದಲ್ಲ, ಬರೆಯುತ್ತ ಬರೆಯುತ್ತ ದಾರಿ ಹುಡುಕುವಂಥದ್ದು. ಪೆನ್ನು ಇನ್ನೊಬ್ಬರ ಕೈಗೆ ಹೋದರೆ ದಾರಿಯೂ ಹೋಯಿತು.

ಎರಡನೆಯ ಶನಿವಾರ ಅವಳೇ ಬರೆದಳು, ಎಲ್ಲರಿಗೂ ಇರುವಷ್ಟೇ ಹೊತ್ತಿನಲ್ಲಿ. ಪತ್ರಿಕೆಯ ಅರ್ಧ ಖಾಲಿ ಉಳಿಯಿತು. ಬರೆದ ಅರ್ಧದಲ್ಲಿ ಹೆಚ್ಚು ಕಡಿಮೆ ಎಲ್ಲವೂ ಸರಿ.

ಮೂರನೆಯ ಶನಿವಾರ ಟೀಚರ್ ಹೆಚ್ಚಿಗೆ ಒಂದು ಗಂಟೆ ಕೊಟ್ಟರು. ಸೋಮಲಿಂಗನನ್ನೂ ಕರೆಸಿ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಮಗಳು ಬರೆಯುವುದನ್ನು ಅವನು ಅದುವರೆಗೆ ಕೂತು ನೋಡಿದವನೇ ಅಲ್ಲ. ಆ ಕೈ ಸೆಟೆದು ಹೊರಳುವುದನ್ನು ಕಂಡರೆ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದ. ಈಗ ಎದ್ದು ಹೋಗಲು ಟೀಚರ್ ಬಿಡಲಿಲ್ಲ. ತ್ರಿಭುಜದ ಒಂದು ಗೆರೆ ಎಳೆಯಲು ಅವಳು ಬಲಮೊಣಕೈಯಿಂದ ಸ್ಕೇಲನ್ನು ಅದುಮಿ ಹಿಡಿದಳು. ಒಮ್ಮೆ ಜಾರಿತು, ಮತ್ತೆ ಹಿಡಿದಳು. ಗೆರೆ ನೆಟ್ಟಗೆ ಬಂತು. ಅವಳ ಮುಖದಲ್ಲಿ ನೋವಿರಲಿಲ್ಲ, ಕೆಲಸವಿತ್ತು. ಗೋಡೆಯ ಮಟ್ಟ ನೋಡುವಾಗ ತನ್ನ ಮುಖವೂ ಹೀಗೇ ಇರುತ್ತದೆ ಎಂದು ಸೋಮಲಿಂಗನಿಗೆ ಆಗ ತೋಚಿತು. ಅವನು ಎದ್ದುಹೋಗದೆ ಕೊನೆಯ ಲೆಕ್ಕದವರೆಗೂ ಕೂತ.

ಹಾಗೆಂದು ಟೀಚರ್ ಎಲ್ಲ ರಿಯಾಯಿತಿಯನ್ನೂ ಗಾಳಿಗೆ ತೂರಲಿಲ್ಲ. ಹಿಂದಿಯ ಪತ್ರಿಕೆ ಬರೆಸಿ ನೋಡಿದ ಮರುದಿನ ಅಶ್ವಿನಿಯ ಕೈ ಊದಿಕೊಂಡಿತ್ತು. ಹಿಂದಿ ಬಿಡು ಎಂದರು. ಗೆಳತಿಯರೆಲ್ಲ ಬರೆಯುವಾಗ ತಾನೊಬ್ಬಳೇ ಯಾಕೆ ಬಿಡಬೇಕು ಎಂದು ಅವಳು ಪಟ್ಟು ಹಿಡಿದಳು.

“ನೋಡು ಮಗಾ, ನಿನಗೆ ನಕ್ಷೆಯ ಕೆಲಸ ಬೇಕಾ, ಕುಸ್ತಿ ಗೆಲ್ಲಬೇಕಾ?” ಎಂದರು ಟೀಚರ್. “ಬೇಕಾದ್ದಕ್ಕೆ ಕೈ ಉಳಿಸಿಕೊಳ್ಳುವುದು ಸೋಲಲ್ಲ.”

ಕೊನೆಗೆ ತೀರ್ಮಾನ ಹೀಗಾಯಿತು: ಗಣಿತ ಇರಲಿ, ಬರೆಯುವವರು ಬೇಡ, ಹಿಂದಿ ಬೇಡ, ಒಂದು ಗಂಟೆ ಹೆಚ್ಚು ಬೇಕು. ಭುಜಂಗ ರಾಯರು ಮಾತ್ರ ತಣ್ಣಗಾಗಲಿಲ್ಲ.

“ಫೇಲಾದರೆ ಎಂತ ಮಾಡುವುದು ಟೀಚರೇ? ಪಾಪದ ಹುಡುಗಿ.”

ಕನ್ನಡಕ ಮೂಗಿನ ತುದಿಗೆ ಇಳಿಯಿತು. ಆದರೆ ಟೀಚರಿಗಿಂತ ಮೊದಲು ಮಾತಾಡಿದ್ದು ಅಶ್ವಿನಿ. ಹೆಡ್‌ಮಾಸ್ಟರರ ಕೋಣೆಯಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. “ಫೇಲಾದ್ರ ಮತ್ತ ಕಟ್ತೀನ್ರಿ ಸರ್. ಬರೀದೇ ಇದ್ರ ಏನು ಕಟ್ಟಲಿ?” ರಾಯರು ಎರಡು ಸಲ ಹೇಳಿಸಿಕೊಳ್ಳಬೇಕಾಯಿತು. ಎರಡನೆಯ ಸಲ ಅರ್ಥವಾದಾಗ ಅರ್ಜಿಗೆ ಸಹಿ ಹಾಕಿದರು.

ಗಣಿತಕ್ಕೆ ಐವತ್ತೆಂಟು ಬಂತು, ಡಿಪ್ಲೊಮಾ ಸೀಟಿಗೆ ಅಷ್ಟು ಸಾಕಾಯಿತು. ಮುಂದೆ ಉಡುಪಿಯಲ್ಲಿ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಅವಳಿಗೆ ಕೆಲಸವೂ ಆಯಿತು. ಆದರೆ ಲಿಡ್ವಿನ್ ಟೀಚರ್ ಈ ಕತೆ ಹೇಳುವಾಗ ಅಷ್ಟು ದೂರ ಹೋಗುವುದೇ ಇಲ್ಲ. ಗಣಿತದ ಪರೀಕ್ಷೆಯ ಆ ಮಧ್ಯಾಹ್ನಕ್ಕೇ ಬಂದು ನಿಲ್ಲಿಸುತ್ತಾರೆ.

ಅವತ್ತು ಬೆಲ್ ಆಯಿತು. ಉಳಿದ ಮಕ್ಕಳೆಲ್ಲ ಹೋ ಎಂದು ಹೊರಗೆ ಬಂದರು. ಅಶ್ವಿನಿಯ ಒಂದು ಗಂಟೆ ಆಗಷ್ಟೇ ಶುರುವಾಗಿತ್ತು. ಇಷ್ಟೆಲ್ಲ ಅಳೆದು ತೂಗಿದ ಟೀಚರಿಗೆ ಹೊಳೆಯದೇ ಹೋದದ್ದು ಒಂದೇ: ಪರೀಕ್ಷೆ ಮುಗಿದ ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎನ್ನುವುದು. ಅವರು ಸರಿಯಾಗಿ ಅವಳ ಕಿಟಕಿಯ ಕೆಳಗೇ ಗುಂಪು ಕಟ್ಟಿ ನಿಂತು, ನಾಲ್ಕನೆಯದ್ದಕ್ಕೆ ನಿನಗೆಷ್ಟು ಬಂತು ಮಾರಾಯ, ನನಗೆ ಹನ್ನೆರಡು, ಇಲ್ಲ ಹದಿನೆಂಟು ಎಂದು ಗಂಟಲು ಹರಿಯುವಂತೆ ವಾದಕ್ಕಿಳಿದರು. ಒಳಗೆ ಅಶ್ವಿನಿಯ ಪೆನ್ನು ನಿಂತಿತು. ಬರೆದದ್ದನ್ನು ಹೊಡೆದುಹಾಕಲೋ ಬೇಡವೋ ಎಂದು ನೋಡುತ್ತಿರುವುದು ಗೇಟಿನ ಹತ್ತಿರ ನಿಂತ ಟೀಚರಿಗೆ ಕಿಟಕಿಯಲ್ಲಿ ಕಂಡಿತು. ಅವರು ಕೊಡೆ ಎತ್ತಿಕೊಂಡು ಓಡುವಷ್ಟರಲ್ಲಿ, ಸೈಟಿನಿಂದ ನೇರ ಬಂದು ಗೋಡೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಸೋಮಲಿಂಗ ಎದ್ದಿದ್ದ.

ಹೆಡ್‌ಮಾಸ್ಟರರ ಎದುರು ಎಂದೂ ತಲೆಯೆತ್ತಿ ಮಾತಾಡದವನು ಸಿಮೆಂಟು ಮೆತ್ತಿದ ಕಾಲಲ್ಲಿ ಆ ಬಿಳಿ ಯೂನಿಫಾರಂಗಳ ನಡುವೆ ಹೋಗಿ ನಿಂತ. ಕೂಗಲಿಲ್ಲ, ಕೈ ಮುಗಿಯಲೂ ಇಲ್ಲ. ಪಾಪ ಎಂದಿದ್ದರೆ ಆ ಮಕ್ಕಳು ಬೇಗನೆ ಜಾಗ ಬಿಡುತ್ತಿದ್ದರೋ ಏನೋ. ಅವನು ಹಾಗೆನ್ನಲಿಲ್ಲ.

“ಅತ್ತಾಗ ಹೋಗ್ರಿ,” ಎಂದ. “ಒಳಗ ನನ್ನ ಮಗಳು ಇನ್ನೂ ಬರಿಯಾಕತ್ತಾಳ.”