ಎಡಬಲವಿಲ್ಲದ ಇಕ್ಕಳ

ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ತೇಡಾಳಿಗೆ ಐವತ್ತಾರು ವರ್ಷ. ಕಡಲ ಒಡ್ಡಿನ ಪಕ್ಕದ ಇಟ್ಟಿಗೆ ದಾರಿ, ಅದರ ಮೇಲೆ ನವೆಂಬರಿನ ಕೊಳೆತ ಎಲೆ. ಗಾಳಿ ಬೀಸಿತು, ಚಕ್ರ ಜಾರಿತು, ಅಷ್ಟೆ. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಈ ಕೈಗೆ ರಜೆ ಎಂದರು. ಊರಿನ ಶಿಶುವಿಹಾರದಲ್ಲಿ ಇಪ್ಪತ್ತೇಳು ವರ್ಷದಿಂದ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದವಳು ಅವಳು. ಅಲ್ಲಿಗೇನೋ ಬೇರೊಬ್ಬರು ಬಂದರು. ಮನೆಗೆ ಯಾರು ಬರಬೇಕು? ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಎರಡು ಮನೆಯಾಚೆ ಇದ್ದ ತಾಯಿ ಫೆನ್ನಾ ಮಾತ್ರ ದಿನಾ ಹನ್ನೆರಡೂವರೆಗೆ ಸರಿಯಾಗಿ ಊಟಕ್ಕೆ ಬಂದು ಕೂರುತ್ತಿದ್ದಳು, ಮಧ್ಯಾಹ್ನದ ಟೀ ಮುಗಿಸಿಯೇ ಏಳುತ್ತಿದ್ದಳು. ಎಂಬತ್ತೊಂದು ದಾಟಿದ್ದರೂ ಒಂದು ದಿನ ತಪ್ಪಿಸಿದವಳಲ್ಲ.

ಒಂದೇ ಕೈಯಲ್ಲಿ ಅಡುಗೆ ಮಾಡುವುದು ತೇಡಾಳಿಗೆ ದೊಡ್ಡ ಚಿಂತೆಯಾಗಿರಲಿಲ್ಲ. ತಾಯಿಯ ಕಣ್ಣೆದುರು ಆ ಕೈಯಲ್ಲಿ, ಎಡಗೈಯಲ್ಲಿ, ಮಾಡಬೇಕಲ್ಲ ಎಂಬುದೇ ಚಿಂತೆ.

ಹುಟ್ಟಾ ಎಡಚಿ ಅವಳು. ಚಿಕ್ಕವಳಿದ್ದಾಗ ನೆಂಟರ ಕೈಕುಲುಕಲು ಎಡಗೈ ಚಾಚಿದರೆ ಫೆನ್ನಾ, "ಒಳ್ಳೇ ಕೈ ಕೊಡು" ಎಂದು ಗದರುತ್ತಿದ್ದಳು. ಒಳ್ಳೆಯ ಕೈ ಒಂದಿದ್ದರೆ ಇನ್ನೊಂದು ಎಂಥದ್ದು ಎಂದು ಮಗುವಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಶಾಲೆಗೆ ಸೇರುವ ಮುಂಚಿನ ಬೇಸಿಗೆ ಪೂರ್ತಿ, ಊಟಕ್ಕೆ ಕೂತಾಗಲೆಲ್ಲ, ತಾಯಿ ತನ್ನ ಏಪ್ರನ್ನಿನ ನೀಲಿ ಪಟ್ಟಿಯಿಂದ ಮಗಳ ಎಡಗೈಯನ್ನು ಕುರ್ಚಿಗೆ ಕಟ್ಟುತ್ತಿದ್ದಳು. ಬಿಗಿಯಾಗೇನಲ್ಲ, ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ತೇಡಾ ಎಳೆಯಲಿಲ್ಲ. ಎಳೆಯಲಿಲ್ಲವಲ್ಲ ಎಂಬ ಸಿಟ್ಟು ಅವಳಲ್ಲಿ ಐವತ್ತು ವರ್ಷ ಉಳಿಯಿತು, ತಾಯಿಯ ಮೇಲೆ ಅರ್ಧ, ತನ್ನ ಮೇಲೆ ಅರ್ಧ.

ಬಲಗೈ ಬರೆಯಲು ಕಲಿಯಿತು, ಆಲೂಗಡ್ಡೆ ಸಿಪ್ಪೆ ತೆಗೆಯಲು ಕಲಿಯಿತು. ಸಂಬಳಕ್ಕೆ ದುಡಿಯುವವರ ಹಾಗೆ, ಹೇಳಿದಷ್ಟು ಮಾಡಿತು. ಯಾರೂ ಇಲ್ಲದಾಗ ತೇಡಾ ಕದ್ದು ಎಡಗೈಯಲ್ಲಿ ಮಾಡಿ ನೋಡಿದ್ದುಂಟು. ಆದರೆ ಅಡುಗೆಮನೆಯ ಸಾಮಾನೆಲ್ಲ ತಾಯಿಯ ಪಕ್ಷವೇ. ಬ್ರೆಡ್ಡಿನ ಚಾಕು ಸೊಟ್ಟಗೆ ಇಳಿಯುತ್ತಿತ್ತು. ಸೂಪಿನ ಸೌಟಿನ ಮೂತಿ ಆಚೆ ಬದಿಗಿರುತ್ತಿತ್ತು. ಡಬ್ಬಿ ಬಿಚ್ಚುವ ಉಪಕರಣವಂತೂ ಎಡಗೈಯನ್ನು ಕಂಡರೆ ಮೊಂಡು ಹಿಡಿಯುತ್ತಿತ್ತು. ಇಂಥವನ್ನು ಮಾಡುವವರಿಗೆ ಲೋಕದಲ್ಲಿ ಎಡಚರೂ ಇದ್ದಾರೆ ಎಂದು ಯಾರೂ ಹೇಳಿರಲಿಲ್ಲವೋ ಏನೋ. ಎಡಗೈಯೇ ಕೆಟ್ಟದ್ದು ಎಂದು ಕೊನೆಗೆ ಅವಳೂ ನಂಬಿದಳು.

ಪ್ಲಾಸ್ಟರ್ ಹಾಕಿಸಿಕೊಂಡ ಮಾರನೇ ದಿನ ತೇಡಾ ಓಕ್ಕೋನ ಅಂಗಡಿಗೆ ಹೋದಳು. ಮೊಳೆಯಿಂದ ಹಿಡಿದು ಬಾಣಲೆಯವರೆಗೆ ಎಲ್ಲ ಮಾರುವ ಓಕ್ಕೋ ಅವಳ ಶಾಲೆಯ ಸಹಪಾಠಿ, ಬಾಯಿ ಸುಮ್ಮನಿರದವನು.

"ಏನೇ, ಗಾಳಿ ಜತೆ ಕುಸ್ತಿ ಆಡಿದ್ಯಂತೆ? ಗೆದ್ದಿದ್ದು ಯಾರು?"

"ಗಾಳಿನೇ. ಒಂದು ಇಕ್ಕಳ ಕೊಡೋ, ಒಲೆ ಮುಂದಕ್ಕೆ. ಒಂದು ಕೈಲಿ ಚಾಕು ಫೋರ್ಕು ಎರಡೂ ಆಗಲ್ಲ."

ಓಕ್ಕೋ ನಾಲ್ಕೈದು ತಂದು ಕೌಂಟರಿನ ಮೇಲೆ ಹರಡಿದ. ಅದರಲ್ಲೊಂದಂತೂ ಮೊಳಕ್ಕಿಂತ ಉದ್ದ.

"ಇದನ್ನ ತಗೊಂಡ್ರೆ ಪಕ್ಕದ ಮನೆ ಸಾಸೇಜನ್ನೂ ನಿಮ್ಮನೇಲೇ ನಿಂತು ತಿರುವಬಹುದು."

"ಪಕ್ಕದ ಮನೇಲಿರೋದು ನಮ್ಮ ಪಾದ್ರಿ ಕಣೋ. ಬೇಡ."

ಇನ್ನೊಂದರ ಸ್ಪ್ರಿಂಗು ಎಷ್ಟು ಗಟ್ಟಿಯೆಂದರೆ ಹತ್ತು ಸಲ ಒತ್ತುವಷ್ಟರಲ್ಲಿ ಬೆರಳು ನೋಯುತ್ತಿತ್ತು. ಮತ್ತೊಂದು ಹೊಳೆಯುತ್ತಿತ್ತು, ಆದರೆ ಒತ್ತಿದರೆ ತುದಿಗಳು ಒಂದನ್ನೊಂದು ತಪ್ಪಿಸಿಕೊಂಡು ಹೋಗುತ್ತಿದ್ದವು. ಕೊನೆಗೆ ಉಳಿದದ್ದು ಸಾದಾ ಉಕ್ಕಿನದು. ಗೇಣಿಗಿಂತ ತುಸು ಉದ್ದ, ತುದಿಗೆ ಚಿಪ್ಪಿನಂಥ ಅಂಚು, ಮೆತ್ತಗೆ ತೆರೆದುಕೊಳ್ಳುವ ಸ್ಪ್ರಿಂಗು. ತೇಡಾ ಅದರಲ್ಲಿ ಕೌಂಟರಿನ ಮೇಲಿದ್ದ ರಸೀದಿ ಕಾಗದವನ್ನು ಎತ್ತಿದಳು. ಆಮೇಲೆ ಒಂದು ಸಣ್ಣ ಮೊಳೆ. ಆಮೇಲೆ, ಓಕ್ಕೋ ಬೇಡ ಬೇಡ ಎನ್ನುತ್ತಿದ್ದಂತೆ, ಅವನು ತಿಂಡಿಗೆಂದು ಇಟ್ಟುಕೊಂಡಿದ್ದ ಬೇಯಿಸಿದ ಮೊಟ್ಟೆ. ಮೊಟ್ಟೆ ಅಲುಗಲಿಲ್ಲ, ಜಾರಲಿಲ್ಲ.

"ಎಡಗೈಯವರದ್ದು ಬೇರೆ ಬರುತ್ತೇನೋ?" ಎಂದು ಕೇಳಿದಳು, ದನಿ ತಗ್ಗಿಸಿ.

"ಕತ್ತರಿಗಾದ್ರೆ ಬೇರೆ ಬೇಕು, ಪಟ್ಟಣದಿಂದ ತರಿಸ್ಬೇಕು. ಇಕ್ಕಳಕ್ಕೆ ಎಂಥ ಎಡ ಎಂಥ ಬಲ? ಯಾವ ಕೈ ಹಿಡಿದ್ರೂ ಅದಕ್ಕೆ ಒಂದೇ."

ಓಕ್ಕೋ ಬಾಯಿಗೆ ಬಂದದ್ದನ್ನು ಹೇಳಿದ್ದ. ತೇಡಾ ಮಾತ್ರ ಅದನ್ನು ಎಡಗೈಯಲ್ಲಿ ಇನ್ನೊಮ್ಮೆ ಒತ್ತಿ ನೋಡಿ, ದುಡ್ಡು ಎಣಿಸಿಟ್ಟಳು. ಇಕ್ಕಳವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬೇಗ ಬೇಗ ಮನೆಗೆ ನಡೆದಳು.

ಮೊದಲ ದಿನ ಎಡವಟ್ಟಾಯಿತು. ಹೊಸ ಹುರುಪಿನಲ್ಲಿ ಮೀನನ್ನೂ ಇಕ್ಕಳದಲ್ಲೇ ತಿರುವಲು ಹೋಗಿ ಅದು ಬಾಣಲೆಯಲ್ಲಿ ಪುಡಿಪುಡಿಯಾಯಿತು. ಮೀನಿಗೆ ಅಗಲ ಸಟ್ಟುಗವೇ ಬೇಕು ಎಂಬುದು ಇಪ್ಪತ್ತೇಳು ವರ್ಷ ಅಡುಗೆ ಮಾಡಿದವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಸಂಭ್ರಮದಲ್ಲಿ ಮರೆತಿತ್ತು.

"ಇದು ಮೀನೋ ಗಂಜಿಯೋ?" ಎಂದಳು ಫೆನ್ನಾ. ನಂತರ ಒಲೆಯ ಕಡೆ ನೋಡಿ, "ಆ ಕೈಲಿ ಮಾಡಿದ್ರೆ ಇನ್ನೇನಾಗುತ್ತೆ" ಎಂದಳು.

"ಇನ್ನೊಂದು ಮುರಿದಿದೆಯಲ್ಲಮ್ಮ."

ಫೆನ್ನಾ ಕಿಟಕಿಯ ಕಡೆ ಮುಖ ತಿರುಗಿಸಿ ಊಟ ಮುಗಿಸಿದಳು. ಅಂದಿನಿಂದ ದಿನಾ ಅದೇ: ಮಗಳು ಒಲೆಯ ಮುಂದೆ ನಿಂತರೆ ತಾಯಿ ಕಿಟಕಿ ನೋಡುವುದು. ಆದರೆ ಎಡಗೈ ಪಳಗುತ್ತಿತ್ತು. ಪಳಗುವುದೇನು ಬಂತು, ಅದಕ್ಕೆ ಮೊದಲಿಂದ ಎಲ್ಲ ಗೊತ್ತೇ ಇತ್ತು. ಆಲೂಗಡ್ಡೆ ಹೋಳುಗಳನ್ನು ಒಂದೊಂದಾಗಿ ತಿರುವಿ ಎರಡೂ ಮೈ ಕೆಂಪಗೆ ಹುರಿಯುತ್ತಿತ್ತು. ಕೇಲ್ ಸೊಪ್ಪಿನ ಮೇಲೆ ಬೇಯುವ ಸಾಸೇಜನ್ನು ಫೋರ್ಕಿನಿಂದ ಚುಚ್ಚಿದರೆ ರಸವೆಲ್ಲ ಹೋಯಿತು. ಎಡಗೈ ಅದನ್ನು ಇಕ್ಕಳದಲ್ಲಿ ಮೆತ್ತಗೆ ಹಿಡಿದು, ಸಿಪ್ಪೆ ಒಡೆಯದಂತೆ ತಟ್ಟೆಗೆ ತರುತ್ತಿತ್ತು. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಅದು ಯಾರನ್ನೂ ಕೇಳಲಿಲ್ಲ. ಒಲೆಯ ಮುಂದೆ ತಾನು ಹಾಡು ಗುನುಗುತ್ತಿದ್ದೇನೆ ಎಂಬುದು ಮೂರನೇ ವಾರದಲ್ಲಿ ತೇಡಾಳ ಗಮನಕ್ಕೆ ಬಂತು.

ಕ್ರಿಸ್‌ಮಸ್ಸಿಗೆ ಮುಂಚೆ ಪ್ಲಾಸ್ಟರ್ ಬಿಚ್ಚಿದರು. ಬಲಗೈ ಬಿಳಿಚಿಕೊಂಡಿತ್ತು, ಸಣ್ಣಗಾಗಿತ್ತು, ಆದರೆ ಕೆಲಸಕ್ಕೆ ಸಿದ್ಧವಿತ್ತು. ಮಾರನೇ ದಿನ ಹನ್ನೆರಡೂವರೆಗೆ ಫೆನ್ನಾ ಒಳಗೆ ಬಂದಾಗ ತೇಡಾ ಎಡಗೈಯಲ್ಲೇ ಇಕ್ಕಳ ಹಿಡಿದು ಆಲೂಗಡ್ಡೆ ತಿರುವುತ್ತಿದ್ದಳು. ಈಗ ನೆಪವೂ ಇರಲಿಲ್ಲ.

"ಕಟ್ಟು ಬಿಚ್ಚಿದ್ರಲ್ಲ. ಇನ್ನು ಒಳ್ಳೇ ಕೈಲಿ ಮಾಡು."

"ಇದೂ ಒಳ್ಳೇದೇ ಅಮ್ಮ."

"ಈ ವಯಸ್ಸಲ್ಲಿ ಹಟ ಮಾಡ್ತೀಯಾ?"

"ಆರನೇ ವಯಸ್ಸಲ್ಲಿ ಮಾಡ್ಬೇಕಿತ್ತು, ಮಾಡ್ಲಿಲ್ಲ." ತೇಡಾ ಒಲೆ ಆರಿಸಿ ತಿರುಗಿ ನಿಂತಳು. "ಯಾಕಮ್ಮ ಕಟ್ಟಿದೆ? ಐವತ್ತು ವರ್ಷ ಈ ಕೈ ನಂದು ಅಂತ್ಲೇ ನಂಗೆ ಅನಿಸ್ಲಿಲ್ಲ. ಕಳ್ಳ ಮಾಲಿನ ಹಾಗೆ ಬಚ್ಚಿಟ್ಕೊಂಡೇ ಓಡಾಡಿದೆ. ತಪ್ಪಾಯ್ತು ಅಂತ ಒಂದ್ಸಲ ಹೇಳು, ಸಾಕು."

ಫೆನ್ನಾ ಕುರ್ಚಿ ಎಳೆದು ಊಟಕ್ಕೆ ಕೂತಳು. ಇಬ್ಬರೂ ಮಾತಿಲ್ಲದೆ ಉಂಡರು, ಮಾತಿಲ್ಲದೆ ತಟ್ಟೆ ತೊಳೆದರು. ಮೂರು ಗಂಟೆಯಾಯಿತು. ಜಗಳವಿರಲಿ, ಸಾವಿರಲಿ, ಈ ಸೀಮೆಯಲ್ಲಿ ಮೂರಕ್ಕೆ ಟೀ ತಪ್ಪುವುದಿಲ್ಲ, ಮತ್ತು ಯಾರ ಮನೆಯಾದರೂ ಅದನ್ನು ಬಡಿಸುವ ಕಾರುಬಾರು ಹಿರಿಯವಳದು. ಮೊದಲು ಬಟ್ಟಲಿಗೆ ಕಲ್ಲುಸಕ್ಕರೆಯ ಒಂದು ಹರಳು, ಅದರ ಮೇಲೆ ಬಿಸಿ ಟೀ, ಕೊನೆಗೆ ಅಂಚಿನಿಂದ ಕೆನೆ. ಕಲಕುವಂತಿಲ್ಲ.

ಮೊದಲೆಲ್ಲ ಫೆನ್ನಾ ಟೀಪಾಟನ್ನು ಬಲಗೈಯಲ್ಲಿ ಎತ್ತಿ ಹಿಡಿದೇ ಸಕ್ಕರೆ ಹಾಕುತ್ತಿದ್ದಳು. ಈಗ ಭಾರ ತಡೆಯದೆ ಅದನ್ನು ಮೇಜಿನ ಮೇಲೇ ಬಿಟ್ಟಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಖಾಲಿ. ಸಕ್ಕರೆಯ ಪುಟ್ಟ ಬೆಳ್ಳಿ ಇಕ್ಕಳ ಅವಳ ಎಡಗೈಯಲ್ಲಿತ್ತು.

ಆರು ವಾರ ಕೈಗಳನ್ನೇ ನೋಡಿ ನೋಡಿ ಅಭ್ಯಾಸವಾಗಿದ್ದರಿಂದಲೋ ಏನೋ, ತೇಡಾಳಿಗೆ ಅದು ಕಂಡಿತು. ದಿನಾ ಕಣ್ಣ ಮುಂದೆಯೇ ಇದ್ದದ್ದು. ಚಮಚ ಹಿಡಿದರೆ ನಡುಗುವ ಮುದುಕಿಯ ಕೈ ಇಲ್ಲಿ ನಡುಗಲಿಲ್ಲ. ಸಕ್ಕರೆ ಪಾತ್ರೆಯ ತುಂಬ ಇದ್ದ ಹರಳುಗಳಲ್ಲಿ ಬೇಕಾದ ಒಂದನ್ನು ಆರಿಸಿ, ಟೀ ಬಟ್ಟಲಿಗೆ ಸದ್ದಿಲ್ಲದೆ ಇಳಿಸಿತು.

"ಅಮ್ಮ, ಅದು ಯಾವ ಕೈ?"

ಫೆನ್ನಾ ತನ್ನ ಕೈಯನ್ನು ತಾನೇ ನೋಡಿಕೊಂಡಳು.

"ಪಾಟು ಬಲಗೈಲಿ ಇರ್ತಿತ್ತಲ್ಲ," ಎಂದಳು ಕೊನೆಗೆ. "ಇಕ್ಕಳ ಯಾವ ಕೈಲಿದೆ ಅಂತ ಯಾರೂ ಕೇಳ್ತಿರ್ಲಿಲ್ಲ. ಇದೊಂದೇ ನಂಗೆ ಉಳಿದಿದ್ದು."

"ನೀನೂನಾ?"

"ನಮ್ಮಪ್ಪ ಕಟ್ತಿರ್ಲಿಲ್ಲ ಕಣೇ, ಬೆಲ್ಟಲ್ಲಿ ಬೆರಳಿಗೇ ಹೊಡೀತಿದ್ದ. ಶಾಲೇಲಿ ಮೇಷ್ಟ್ರು ಇನ್ನೂ ಕೆಟ್ಟವರು. ನಿಂಗೆ ಯಾರ ಕೈಲೂ ಹೊಡೆತ ಬೀಳೋದು ಬೇಡ, ಅದಕ್ಕೆ ಮುಂಚೆ ನಾನೇ ಆ ಅಭ್ಯಾಸ ಬಿಡಿಸಿಬಿಡೋಣ ಅಂತ." ಅವಳು ಇಕ್ಕಳವನ್ನು ಮೇಜಿನ ಮೇಲಿಟ್ಟಳು. "ಸಡಿಲವಾಗೇ ಕಟ್ತಿದ್ದೆ. ನೀನು ಎಳ್ಕೋತೀಯ, ಎಳ್ಕೊಂಡ್ರೆ ಬಿಟ್ಬಿಡೋಣ ಅಂತ ದಿನಾ ನೋಡ್ತಿದ್ದೆ. ನೀನು ಎಳ್ಕೊಳ್ಳಲೇ ಇಲ್ಲ. ತಪ್ಪಾಯ್ತು ಕಣೇ ತೇಡಾ. ಆಗ್ಲೇ ಬಿಚ್ಚಬೇಕಿತ್ತು."

ತೇಡಾ ಅತ್ತಳು. ಸಿಟ್ಟಿಗೋ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ. ಆರು ವರ್ಷದ ತನ್ನ ಬಗ್ಗೆ ಅಳು ಬಂತು, ಅದೇ ವಯಸ್ಸಿನ ಫೆನ್ನಾಳ ಬಗ್ಗೆಯೂ ಬಂತು. ಫೆನ್ನಾ ಸಮಾಧಾನ ಹೇಳಲಿಲ್ಲ, ಅದು ಅವಳಿಗೆ ಬಾರದು. ಟೀಪಾಟನ್ನು ಎರಡೂ ಕೈಯಲ್ಲಿ ಎತ್ತಿ ಬಗ್ಗಿಸಿದಳು. ಹರಳು ಚಟಚಟ ಎಂದು ಬಿರಿಯಿತು. ಕೆನೆ ಬಿಟ್ಟಳು.

ಬಟ್ಟಲನ್ನು ಮಗಳ ಮುಂದೆ ಇಡುವಾಗ ಅದರ ಹಿಡಿ ಎಂದಿನಂತೆ ಬಲಕ್ಕಿತ್ತು. ಫೆನ್ನಾ ಒಂದು ಬೆರಳಿನಿಂದ ಅದನ್ನು ಎಡಕ್ಕೆ ತಿರುಗಿಸಿದಳು. ನಂತರ ತನ್ನ ಬಟ್ಟಲನ್ನು ಸ್ವಲ್ಪ ಹೊತ್ತು ನೋಡಿ, ಅದನ್ನೂ ತಿರುಗಿಸಿಕೊಂಡಳು.